ಜಗಳೂರಿನ ಹುಡುಗಿಗೆ ಹೊಲಿದ ರವಿಕೆಗಳು

ಆ ಮನೆಯಿಂದ ನನಗೆ ಮೊದಲ ಸಲ ಕರೆ ಬಂದದ್ದು ಅವರು ಸೊಸೆಯನ್ನು ಮನೆ ತುಂಬಿಸಿಕೊಂಡ ಹದಿನೈದು ದಿನಕ್ಕೆ. ನ್ಯಾಮತಿಯ ಪೇಟೆ ಬೀದಿಯಲ್ಲಿ ಅವರದು ಬಟ್ಟೆ ಅಂಗಡಿ. ಯುದ್ಧದ ವರ್ಷಗಳು, ಬಟ್ಟೆಗೂ ಕಾರ್ಡು ಬಂದಿತ್ತು. ಊರಿಗೆ ಬರುವ ಕಂಟ್ರೋಲ್ ಬಟ್ಟೆಯೆಲ್ಲ ಅವರ ಅಂಗಡಿಯಿಂದಲೇ ಹಂಚಿಕೆಯಾಗಬೇಕಿತ್ತು. ನೂಲಿನ ಉಂಡೆ, ಮಿಷಿನ್ನಿನ ಸೂಜಿ ಕೂಡ ಅಲ್ಲಿಂದಲೇ. ನನ್ನ ಯಜಮಾನರು ದರ್ಜಿ. ಗಂಡಸರ ಅಂಗಿ, ಕೋಟು ಅವರು ನೋಡಿಕೊಳ್ಳುತ್ತಿದ್ದರು. ಹೆಂಗಸರ ಅಳತೆಗೆ ಮನೆಗಳ ಒಳಗೆ ಹೋಗಿ ಬರುವುದು, ರವಿಕೆ ಹೊಲಿಯುವುದು ನನ್ನ ಪಾಲಿನ ಕೆಲಸ.

ಹುಡುಗಿ ಜಗಳೂರಿನವಳು. ಹದಿನೇಳೋ ಹದಿನೆಂಟೋ ವಯಸ್ಸು. ದುಂಡು ಮೈ, ಬಿಸಿಲಿಗೆ ಮಾಗಿದ ಬಣ್ಣ. ಆಗ ನಮ್ಮ ಕಡೆಯ ಹಿರಿಯ ಹೆಂಗಸರೆಲ್ಲ ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕಿ ತೊಡುತ್ತಿದ್ದರು. ಹುಕ್ಕು ಹಾಕುವ ರವಿಕೆ ಆಗಷ್ಟೇ ಕಾಲಿಟ್ಟಿತ್ತು. ನಾನು ಟೇಪು ಬಿಚ್ಚುವ ಮೊದಲೇ ಹುಡುಗಿ ಶುರು ಮಾಡಿದಳು.

"ಅಕ್ಕಾ, ನನಗೆ ಗಂಟು ಬ್ಯಾಡ್ರಿ, ಹುಕ್ಕು ಇಡ್ರಿ. ತೋಳಿಗೆ ಬುಗ್ಗೆ ಬರಬೇಕು. ದಾವಣಗೆರೆಯಾಗೆ ಒಬ್ರು ಹಾಕ್ಕಂಡಿದ್ರು, ನೋಡೀನಿ. ಹಿಂಗೆ ಉಬ್ಬಿ ನಿಂತಿತ್ತು."

ಅವಳು ತನ್ನ ಟ್ರಂಕು ತೆಗೆದು ಹಸಿರು ರೇಷ್ಮೆ ಸೀರೆ ತೋರಿಸಿದಳು. ಹಳೆಯ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಇಟ್ಟಿದ್ದಳು. ಅಂಟುವಾಳದ ನೊರೆಯಲ್ಲಿ ಮಾತ್ರ ಅದ್ದುತ್ತೇನೆ, ಹಿಂಡುವುದಿಲ್ಲ, ನೆರಳಿನಲ್ಲಿ ಹರವುತ್ತೇನೆ ಎಂದೆಲ್ಲ ಹೇಳಿದಳು. ಕೆಲಸ ಗೊತ್ತಿರುವವಳ ಮಾತು ಅದು. ನನಗೆ ಅವಳು ಹಿಡಿಸಿದಳು. ಅಳತೆ ಪುಸ್ತಕದಲ್ಲಿ ಬರೆದುಕೊಂಡೆ: ಎದೆ ಮೂವತ್ತೆರಡು, ತೋಳಿನ ಸುತ್ತು ಹತ್ತು.

ಎರಡು ರವಿಕೆಗೆ ಬುಗ್ಗೆ ತೋಳು ಇಟ್ಟು ಕೊಟ್ಟೆ. ಮಾರನೆಯ ದಿನವೇ ಆ ಮನೆಯ ಕೆಲಸದ ಮುದುಕಿ ಎರಡನ್ನೂ ವಾಪಸು ತಂದಳು. ಹಿಂದೆಯೇ ಸಾಹುಕಾರ್ತಿ ಬಂದರು. ಹುಡುಗಿಯ ಅತ್ತೆ ಅವರು. ದೊಡ್ಡ ಕುಂಕುಮ, ಮೆತ್ತಗಿನ ದನಿ.

"ಇದೇನವ್ವಾ, ನಾಟಕದೋರ ತೋಳು? ನಮ್ಮನ್ಯಾಗೆ ಇವೆಲ್ಲ ನಡೆಯಲ್ಲ. ಬಿಚ್ಚಿ ಕುಪ್ಪಸ ಮಾಡಿಕೊಡು. ಆ ಹುಡುಗಿ ಹಗಲೆಲ್ಲ ಕನ್ನಡಿ ಮುಂದೆ. ಬೈತಲೆ ವಾರೆ ತೆಗೀತಾಳೆ. ಸ್ವಲ್ಪ ತಿದ್ದಬೇಕು."

ನಾನು ಬಿಚ್ಚಿ ಕೊಟ್ಟೆ. ನಮ್ಮ ಅಂಗಡಿಯಲ್ಲಿ ರಟ್ಟು ಹರಿದ ಒಂದು ಹೊಲಿಗೆ ಪುಸ್ತಕವಿತ್ತು. ಅದರ ಕೊನೆಯಲ್ಲಿ ಯಾರಿಗೆ ಯಾವ ಉಡುಪು ಒಪ್ಪುತ್ತದೆ ಎಂದು ಉಪದೇಶ. ದಪ್ಪಗಿರುವವರು ಉದ್ದ ಗೆರೆಯ ಬಟ್ಟೆ ಹಾಕಬೇಕು, ಸಣ್ಣಗಿರುವವರು ಅಡ್ಡ ಗೆರೆಯದು. ಭುಜ ಬಡವಾಗಿದ್ದರೆ ತೋಳಿನ ಬುಡಕ್ಕೆ ನೆರಿಗೆ ಕೊಡಬೇಕು. ಮನೆತನಸ್ಥ ಹೆಣ್ಣು ಮೊಣಕೈ ಕಾಣದಂತೆ ತೊಡಬೇಕು. ಈಗ ಓದಿದರೆ ನಗು ಬಂದೀತು. ಆಗ ನಾವು ಅದನ್ನು ಶಾಸ್ತ್ರದಂತೆ ನಂಬಿದ್ದೆವು. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಕಾರಹುಣ್ಣಿಮೆ ಹೊತ್ತಿಗೆ ಮತ್ತೆ ಕರೆ ಬಂತು. ಈ ಸಲ ಅತ್ತೆ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಹುಡುಗಿ ಬಾಯಿ ಬಿಡಲಿಲ್ಲ. ತೋಳಿಗೆ ಟೇಪು ಸುತ್ತಿದೆ. ಒಂಬತ್ತು. ತಪ್ಪಾಗಿರಬೇಕೆಂದು ಇನ್ನೊಮ್ಮೆ ಸುತ್ತಿದೆ. ಒಂಬತ್ತೇ.

"ಉಣ್ಣಾಕೆ ಕೊಟ್ರೆ ಸೇರಲ್ಲ ಅಂತಾಳೆ. ತವರಿನ ಧ್ಯಾನ," ಎಂದರು ಅತ್ತೆ.

ಹೊಸ ಸೊಸೆಯರು ಮೊದಲ ವರ್ಷ ಇಳಿಯುವುದುಂಟು. ಹಳೆಯ ಕುಪ್ಪಸಗಳ ಪಕ್ಕದ ಹೊಲಿಗೆ ಬಿಚ್ಚಿ ಒಳಕ್ಕೆ ಹಿಡಿದು ಕೊಟ್ಟೆ. ಮತ್ತೆ ಮೈ ತುಂಬಿದಾಗ ಬಿಡಲು ಬರಲಿ ಎಂದು ಮಿಕ್ಕ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಸಿದೆ.

ಶ್ರಾವಣದಲ್ಲಿ ಕೆಲಸದ ಮುದುಕಿ ಒಂದು ಗಂಟು ತಂದಿಟ್ಟು ಹೋದಳು. ಮೂರು ಕುಪ್ಪಸ, ಇನ್ನೂ ಬಿಗಿ ಮಾಡಬೇಕಂತೆ. ಒಂದರ ತೋಳಿನ ಒಳಪದರ ಗಟ್ಟಿಯಾಗಿ ಅಂಟಿಕೊಂಡಿತ್ತು. ಗಂಜಿ ಬಿದ್ದಿರಬೇಕೆಂದು ಉಗುರಿನಿಂದ ಕೆರೆದು ನೋಡಿದೆ. ಗಂಜಿಯಲ್ಲ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಅದು ಬಟ್ಟೆಯಲ್ಲೇ ಬೆಂದು ಕೂತುಬಿಡುತ್ತದೆ, ತಣ್ಣೀರು ಉಪ್ಪಿನಲ್ಲಿ ನೆನೆಸಬೇಕು. ನೆನೆಸಿದೆ. ಕೆಂಪು ಬಿಡುತ್ತ ಬಂತು. ಸುತ್ತ ಹಳದಿಯ ಒಂದು ಅಂಚು ಮಾತ್ರ ಉಳಿಯಿತು. ಆ ಹಳದಿ ಯಾವುದೆಂದು ನನಗೆ ಗೊತ್ತಿತ್ತು. ಒಮ್ಮೆ ಇಸ್ತ್ರಿ ಪೆಟ್ಟಿಗೆ ಜಾರಿ ಯಜಮಾನರ ಮುಂಗೈ ಸುಟ್ಟಾಗ, ಅವರ ಅಂಗಿಯ ಕೈಗೂ ಬೊಬ್ಬೆ ಒಡೆದ ನೀರು ಇದೇ ಬಣ್ಣದಲ್ಲಿ ಹತ್ತಿತ್ತು.

ಬಟ್ಟೆಯನ್ನು ಹಾಗೇ ಒದ್ದೆಯಾಗಿ ಒಯ್ದು ಅವರ ಮುಂದೆ ಹಿಡಿದೆ. ಅವರು ಬೆಳಕಿಗೆ ತಿರುಗಿಸಿ ನೋಡಿದರು.

"ಒಲೆ ಮುಂದೆ ಸುಟ್ಟಿರಬಹುದು," ಎಂದರು.

"ತೋಳಿನ ಒಳಮೈಗಾ? ಕಂಕುಳ ಹತ್ರ?"

ಅವರು ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. "ನಮ್ಮ ನೂಲು ಅವರ ಅಂಗಡೀದು. ಸೂಜಿ ಅವರ ಅಂಗಡೀದು. ನಾವು ಮಾತಾಡಿ ಏನು ಮಾಡಾಕೆ ಆಗ್ತದೆ?" ಎಂದರು.

ಕುಪ್ಪಸ ಬಿಗಿ ಮಾಡಿ ಕಳಿಸಿದೆ.

ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ ಸಾಹುಕಾರ್ತಿ ತಾವೇ ಹೇಳಿಕಳಿಸಿದರು. ಜಗಳೂರಿನಿಂದ ಹುಡುಗಿಯ ತಂದೆ ಬಾಗಿನ ತರುತ್ತಾರಂತೆ. ಮಾತು ನೇರವಾಗಿತ್ತು.

"ಅವರಪ್ಪನ ಕಣ್ಣಿಗೆ ಮೈ ತುಂಬಿದಂಗೆ ಕಾಣಬೇಕು. ಆವತ್ತು ಹೊಲಿದಿದ್ಯಲ್ಲ, ಬುಗ್ಗೆ ತೋಳು, ಅದನ್ನ ಇಡು. ಉದ್ದಕ್ಕೆ ಮೊಣಕೈ ಮುಚ್ಚಲಿ. ನಿನಗೆ ಉಪಾಯ ಗೊತ್ತಿರ್ತದೆ."

ಯಾರೋ ಅಂಗಳದಲ್ಲಿ ಕೂಗಿದ್ದಕ್ಕೆ ಅವರು ಎದ್ದು ಹೋದರು. ಮೊದಲ ಅಳತೆಯ ದಿನ ಬಿಟ್ಟರೆ ಆ ಹುಡುಗಿ ನನ್ನೊಬ್ಬಳ ಎದುರು ನಿಂತದ್ದು ಆಗಲೇ. ನಾನು ಸೆರಗು ಸರಿಸಿ ಕುಪ್ಪಸದ ತೋಳು ಮೇಲೆತ್ತಿದೆ. ಎಡತೋಳಿನ ಒಳಮೈಯಲ್ಲಿ ಮೂರು ಗಾಯ. ಒಂದು ಒಣಗಿತ್ತು, ಎರಡು ಹಸಿ. ಮೂರಕ್ಕೂ ಒಂದೇ ಆಕಾರ, ಅಗಲವಾಗಿ ಬಂದು ತುದಿಯಲ್ಲಿ ಚೂಪು. ದರ್ಜಿಯ ಮನೆಯವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆಯ ಮೂತಿ.

"ಯಾರು?" ಎಂದೆ.

"ಸೀರೆ ಇಸ್ತ್ರಿ ಮಾಡ್ಕಂತಿದ್ದೆ. ಯಾರಿಗೆ ತೋರ್ಸಾಕೆ ಅಂದ್ರು ಅತ್ತೆ," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಚೆಂದಾಗಿ ಹೊಲೀರಿ. ಏನೂ ಕಾಣಬಾರದು. ನಮ್ಮಪ್ಪ ನೋಡಿದ್ರೆ ತಡಕಳಲ್ಲ. ನನ್ನ ಹಿಂದೆ ಇನ್ನೊಬ್ಬಳು ತಂಗಿ ಐದಾಳ್ರಿ."

ತೋಳಿನ ಸುತ್ತು ಎಂಟಕ್ಕೆ ಇಳಿದಿತ್ತು.

ನಾನು ಹೊಲಿದೆ. ನನ್ನ ಕೈಯಿಂದ ಅದಕ್ಕಿಂತ ಜಾಣ ಕೆಲಸ ಹಿಂದೆ ಬಂದಿರಲಿಲ್ಲ, ಅದನ್ನು ಮುಚ್ಚಿಡಲಾರೆ. ಹಳೆಯ ಪಂಚೆಯನ್ನು ದಪ್ಪ ಗಂಜಿಯಲ್ಲಿ ಅದ್ದಿ ಒಣಗಿಸಿ ಒಳಪದರ ಮಾಡಿದೆ. ತೋಳಿನ ಬುಡಕ್ಕೆ ಮೂರು ಪಟ್ಟು ಬಟ್ಟೆ ಹಿಡಿದು ನೆರಿಗೆ ಕೂರಿಸಿದೆ. ಭುಜದ ಮೂಳೆ ಎದ್ದು ಕಾಣದಂತೆ ಅರಳೆಯನ್ನು ತೆಳ್ಳಗೆ ಹಾಸಿ, ಅದು ಗುಡ್ಡೆಯಾಗದಂತೆ ಚೌಕ ಚೌಕವಾಗಿ ಟಾಕು ಹಾಕಿದೆ. ಗಾಯಕ್ಕೆ ತಾಗುವ ಕಡೆ ಮಾತ್ರ ತೊಳೆದು ತೊಳೆದು ಮೆತ್ತಗಾದ ಮಲ್ಮಲ್ ಬಟ್ಟೆ ಇಟ್ಟೆ. ಎದೆಗೂ ಪದರ ಕೊಟ್ಟೆ. ಹುಡುಗಿ ತೊಟ್ಟು ನಿಂತಾಗ ಉಗಾದಿಯ ಹೊತ್ತಿಗೆ ಬಂದಿದ್ದ ಹುಡುಗಿಯೇ ನಿಂತಂತಿತ್ತು. ಸಾಹುಕಾರ್ತಿ ತಲೆಯಾಡಿಸಿದರು.

ಹಬ್ಬದ ಮಾರನೆಯ ದಿನ ಒಬ್ಬ ಎತ್ತರದ ಮನುಷ್ಯ ನಮ್ಮ ಅಂಗಡಿಯ ಮೆಟ್ಟಿಲಿಗೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಶೇಂಗಾ ತುಂಬಿದ ಚೀಲ.

"ನನ್ನ ಮಗಳಿಗೆ ರವಿಕೆ ಹೊಲಿದೋರು ನೀವೇ ಏನವ್ವಾ? ಹಬ್ಬಕ್ಕೆ ಕಳ್ಸಾಕೆ ಆಗಲ್ಲ ಅಂದ್ರು ಬೀಗರು. ಆದ್ರೂ ಚಿಂತಿಲ್ಲ. ಮೈ ಕೈ ತುಂಬಿಕಂಡು ಸುಖವಾಗಿದಾಳೆ. ಅವರವ್ವಗೆ ಹೋಗಿ ಹೇಳ್ತೀನಿ, ನಿಶ್ಚಿಂತಿ ಆತು. ಇದು ನಮ್ಮ ಹೊಲದ್ದು, ಮಡಿಕ್ಕಳ್ರಿ."

ಅವರು ಒಬ್ಬರೇ ಬಂದಿದ್ದರು. ಬೀಗರ ಕಡೆಯವರು ಯಾರೂ ಜೊತೆಗಿರಲಿಲ್ಲ. ನನ್ನ ಹಿಂದೆ ಯಜಮಾನರ ಕತ್ತರಿಯ ಸದ್ದು ನಿಂತದ್ದು ನನಗೆ ಕೇಳಿಸಿತು. ನಾನು ಬಾಯಿ ತೆರೆದರೆ ಸಾಕಿತ್ತು.

"ಹೂಂ," ಎಂದೆ.

ಚೀಲ ಇಟ್ಟು ಅವರು ಹೊನ್ನಾಳಿ ಬಸ್ಸಿಗೆ ಹೋದರು. ಆ ಶೇಂಗಾ ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಹುಳ ಹಿಡಿದ ಮೇಲೆ ಎಮ್ಮೆಗೆ ಹಾಕಿದೆ.

ಮಹಾನವಮಿಯ ಹತ್ತಿರ ಆ ರವಿಕೆ ವಾಪಸು ಬಂತು, ಅರಳೆ ತೆಗೆದು ಮಾಮೂಲಿನಂತೆ ಮಾಡಿಕೊಡಬೇಕಂತೆ. ಹೊಸ ಅಳತೆ ಬೇಕು ಎಂದು ನೆವ ಹೇಳಿ ಆ ಮನೆಗೆ ಹೋದೆ. ಹುಡುಗಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೈ ಸುಡುತ್ತಿತ್ತು. ಎಡಗೈ ಮೇಲೆತ್ತಲು ಆಗಲಿಲ್ಲ, ನಾನೇ ಎತ್ತಿದಾಗ ಹಲ್ಲು ಕಚ್ಚಿಕೊಂಡಳು. ಅದು ಭುಜದವರೆಗೂ ಬಾತಿತ್ತು. ಬಲತೋಳಿಗೆ ಟೇಪು ಸುತ್ತಿದೆ. ಏಳೂವರೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ, "ನಾಳೆ ಜಗಳೂರಿಗೆ ಹೋಗ್ತೀನಿ."

ಅವರು ಮಿಷಿನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಎದ್ದು ಗೂಡಿನಿಂದ ಅಳತೆ ಪುಸ್ತಕ ತೆಗೆದು ನನ್ನ ಕೈಗಿಟ್ಟರು.

"ಇದನ್ನ ತಗಂಡು ಹೋಗು. ಅವರು ಕಣ್ಣಾರ ನೋಡಿ ಹೋಗ್ಯಾರೆ, ನಿನ್ನ ಬಾಯಿ ಮಾತು ನಂಬಲ್ಲ."

ಆ ರವಿಕೆಯನ್ನೂ, ಅರಳೆ ತೆಗೆಯದೆ, ಗಂಟಿಗೆ ಹಾಕಿಕೊಂಡೆ.

ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಹೊನ್ನಾಳಿ ದಾಟಿ ಸ್ವಲ್ಪ ದೂರಕ್ಕೆ ಒಂದು ಏರಿನಲ್ಲಿ ನಿಂತುಬಿಟ್ಟಿತು. ಎಲ್ಲರೂ ಇಳಿದು ನೂಕಿದೆವು. ದಾವಣಗೆರೆ ತಲುಪುವಾಗ ಜಗಳೂರಿನ ಬಸ್ಸು ಹೋಗಿಯಾಗಿತ್ತು. ಒಂದು ದಿನ ಹಾಳಾಯಿತು. ಇವತ್ತಿಗೂ ಆ ಒಂದು ದಿನವನ್ನು ನಾನು ಲೆಕ್ಕ ಹಾಕುತ್ತೇನೆ.

ಜಗಳೂರಿನಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶೇಂಗಾ ಕೀಳುವ ಸುಗ್ಗಿ. ಅಂಗಳದ ತುಂಬ ಬಳ್ಳಿಯ ರಾಶಿ. ತಂದೆ, ತಾಯಿ, ಹಿರಿಯ ಮಗ ಬಳ್ಳಿ ಬಡಿಯುತ್ತಿದ್ದರು. ನನ್ನನ್ನು ಕಂಡು ತಂದೆ ನಗುತ್ತ ಎದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಆ ನಗು ಸಿಟ್ಟಾಗಿತ್ತು.

"ಏನು ಮಾತಾಡ್ತೀಯವ್ವಾ? ತಿಂಗಳ ಹಿಂದೆ ನಾನೇ ನೋಡಿ ಬಂದೀನಿ. ಬೀಗರ ಮ್ಯಾಲೆ ನಿನಗೇನು ಹಗೆ ಐತೆ?"

"ನೀವು ನೋಡಿದ್ದು ನಿಮ್ಮ ಮಗಳನ್ನಲ್ರಿ. ನನ್ನ ಹೊಲಿಗೇನ," ಎಂದೆ.

ಗಂಟು ಬಿಚ್ಚಿ ರವಿಕೆಯನ್ನು ತಿರುವಿ ಹಾಕಿದೆ. ಪದರ, ಅರಳೆ, ಗಂಜಿ ಬಟ್ಟೆ ಒಂದೊಂದೇ ಬೇರ್ಪಡಿಸಿ ಬಳ್ಳಿಯ ಮೇಲೆ ಇಟ್ಟೆ. ಪುಸ್ತಕ ತೆಗೆದು ಓದಿದೆ: ಹತ್ತು, ಒಂಬತ್ತು, ಎಂಟು, ಏಳೂವರೆ. ತಂದೆ ಅರ್ಥವಾಗದವರಂತೆ ನಿಂತಿದ್ದರು. ತಾಯಿ ಎದ್ದು ಬಂದು, "ಏಳೂವರೆ ಅಂದ್ರೆ ಎಷ್ಟು, ತೋರಿಸವ್ವಾ," ಎಂದರು. ಟೇಪಿನಲ್ಲಿ ತೋರಿಸಿದೆ. ಅವರು ಅಷ್ಟುದ್ದಕ್ಕೆ ಒಂದು ನಾರು ಹರಿದು, ಉಂಗುರ ಮಾಡಿ ತಮ್ಮ ಕೈಗೆ ಏರಿಸಿಕೊಳ್ಳಲು ನೋಡಿದರು. ಅದು ಮಣಿಕಟ್ಟು ದಾಟಿ ನಾಲ್ಕು ಬೆರಳು ಹೋಗಿ ಅಲ್ಲೇ ನಿಂತಿತು. ಮೇಲಕ್ಕೆ ಹತ್ತಲಿಲ್ಲ.

"ಇದು ತೋಳಾ?" ಎಂದು ಗಂಡನನ್ನು ಕೇಳಿದರು. "ನನ್ನ ಮಗಳ ತೋಳು ಇದಾ?"

ತಂದೆ ಕಂಬಳಿ ತೆಗೆದುಕೊಂಡರು.

ನ್ಯಾಮತಿಯಲ್ಲಿ ನಡೆದದ್ದು ಹೆಚ್ಚಿಲ್ಲ. ಜಗಳವಾಗುತ್ತದೆಂದು ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಸಾಹುಕಾರ್ತಿ ಅದೇ ಮೆತ್ತಗಿನ ದನಿಯಲ್ಲಿ, ಹುಡುಗಿಗೆ ಜ್ವರ, ಔಷಧಿ ನಡೆಯುತ್ತಿದೆ ಎಂದರು. ತಂದೆ ಒಳಗೆ ಹೋಗಿ, ಮಗಳನ್ನು ಕಂಬಳಿಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದರು. ಅವಳ ಗಂಡ ಕಂಬದ ಮರೆಯಲ್ಲಿ ನಿಂತಿದ್ದ. ಯಾರೂ ಅವನತ್ತ ನೋಡಲಿಲ್ಲ.

ದಾವಣಗೆರೆಯ ಆಸ್ಪತ್ರೆಗೆ ನಾನೂ ಹೋದೆ, ಜಗಳೂರಿನಿಂದ ತಾಯಿಯೂ ಬಂದರು. ನಂಜು ಮೈಯೆಲ್ಲ ಏರಿದೆ, ತಡವಾಯಿತು ಎಂದರು ಡಾಕ್ಟರು. ನಾಲ್ಕು ದಿನ ಇದ್ದಳು. ಎಚ್ಚರವಿದ್ದಾಗ ತಾಯಿಯ ಮುಖ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಗುರುತಿಸಿದಳು.

"ಅಕ್ಕಾ, ಹಸಿರು ಸೀರೆ ಅಲ್ಲೇ ಐತೆ. ತಂಗಿಗೆ ಆಗ್ತದೆ. ಮಡಿಕೆ ಬಿಚ್ಚಿ ಬ್ಯಾರೆ ಕಡೆ ಮಡಚಾಕೆ ಹೇಳ್ರಿ. ಒಂದೇ ಮಡಿಕೆಯಾಗೆ ಬಿಟ್ರೆ ರೇಷ್ಮೆ ಸೀಳ್ತದೆ."

ಆಮೇಲೆ ಮಾತಾಡಲಿಲ್ಲ.

ಅವಳಿಗೆ ತೊಡಿಸಲು ರವಿಕೆ ಬೇಕಿತ್ತು. ತಾಯಿ ಪೇಟೆಯೆಲ್ಲ ಸುತ್ತಿ, ಯಾರದೋ ಕಾರ್ಡು ಬೇಡಿ, ಒಂದು ರವಿಕೆ ಕಣ ತಂದರು. ಮಿಷಿನ್ನು ಇರಲಿಲ್ಲ. ಆಸ್ಪತ್ರೆಯ ಜಗುಲಿಯಲ್ಲಿ ಕೂತು ಕೈಯಲ್ಲೇ ಹೊಲಿದೆ. ತಣ್ಣಗಾದ ಕೈ ಮಡಚುವುದಿಲ್ಲ, ಅದಕ್ಕೆ ಬೆನ್ನ ಕಡೆ ಪೂರ್ತಿ ತೆರೆದು ಬಿಡಬೇಕು, ಮುಂದಿನಿಂದ ಹಾಕಿ ಹಿಂದೆ ಸಿಕ್ಕಿಸಬೇಕು. ತೋಳಿನ ಉದ್ದಕ್ಕೆ ಕತ್ತರಿ ಇಡುವಾಗ ಅಭ್ಯಾಸದಿಂದ ಮೊಣಕೈವರೆಗೆ ಗುರುತು ಹಾಕಿದ್ದೆ. ತಂದೆ ನನ್ನ ಎದುರು ಕುಕ್ಕರುಗಾಲಲ್ಲಿ ಕೂತಿದ್ದರು.

"ತೋಳು ಗಿಡ್ಡ ಮಾಡು," ಎಂದರು.

ನಾನು ತಲೆಯೆತ್ತಿದೆ.

"ಪೂರಾ ಗಿಡ್ಡ ಮಾಡವ್ವಾ. ಊರಿಗೆ ಒಯ್ತೀನಿ. ಎಲ್ರೂ ನೋಡ್ಲಿ."

ಹಾಗೇ ಮಾಡಿದೆ. ಪದರವಿಲ್ಲ, ನೆರಿಗೆಯಿಲ್ಲ. ಗಾಡಿ ಜಗಳೂರಿನ ದಾರಿ ಹಿಡಿಯುವ ಮೊದಲು, ಠಾಣೆಗೆ ಹೋಗೋಣ, ನಾನು ಬಂದು ಹೇಳುತ್ತೇನೆ ಎಂದೆ. ಅವರು ಕಿರಿಯ ಮಗಳ ಮದುವೆಯ ಮಾತು ತೆಗೆದರು, ಅರ್ಧಕ್ಕೆ ನಿಲ್ಲಿಸಿದರು. ನಾನು ಒತ್ತಾಯ ಮಾಡಲಿಲ್ಲ. ಹೂಂ ಎಂದವಳಿಗೆ ಒತ್ತಾಯಿಸುವ ಬಾಯಿ ಎಲ್ಲಿರುತ್ತದೆ?

ಸಾಹುಕಾರರ ಅಂಗಡಿಯಿಂದ ನಮಗೆ ನೂಲು ನಿಂತಿತು. ಯಜಮಾನರು ಹಳೆಯ ಗೋಣಿ, ಹರಿದ ಧೋತ್ರದ ಅಂಚು ಬಿಚ್ಚಿ ಎಳೆ ತೆಗೆದು ಜೇನುಮೇಣ ಸವರಿ ಹೊಲಿದರು. ಸೂಜಿಗಾಗಿ ಹೊನ್ನಾಳಿಗೆ ನಡೆದು ಹೋಗಿ ಬರುತ್ತಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಊರಿನ ಹೆಂಗಸರು ಕೆಲವರು ನನ್ನನ್ನು ಕರೆಯುವುದು ಬಿಟ್ಟರು. ಅಳತೆ ತೆಗೆಯುವವಳು ಮನೆಯ ಗುಟ್ಟು ಹೊರಗೆ ಹಾಕುತ್ತಾಳೆ ಎಂದರಂತೆ. ಇನ್ನು ಕೆಲವರು, ಮೊದಲು ಎಂದೂ ಬಾರದವರು, ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಹೊಲಿಸಲು ಬಟ್ಟೆಯಿಲ್ಲದಿದ್ದರೂ ಬಂದು ಕೂತು ಹೋಗುತ್ತಿದ್ದರು.

ವರ್ಷ ಕಳೆಯುವ ಮೊದಲೇ ಆ ಮನೆಯ ಮಗನಿಗೆ ಚನ್ನಗಿರಿಯಲ್ಲಿ ಹೆಣ್ಣು ನೋಡಿದ್ದಾರೆಂದು ಸುದ್ದಿ ಬಂತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಬಸ್ಸು ಹತ್ತಿ ಹೋದೆ. ಹುಡುಗಿಯ ತಂದೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ದೊಡ್ಡವರ ಮನೆಯ ಮೇಲೆ ಹೊಟ್ಟೆಕಿಚ್ಚು ಎಂದು ಬೈದರು. ಒಳಗಿನಿಂದ ಅವರ ತಾಯಿ, ಕಣ್ಣು ಮಂಜಾದ ಮುದುಕಿ, ಗೋಡೆ ಹಿಡಿದುಕೊಂಡು ಬಂದರು.

"ನೀನು ಕಣ್ಣಾರ ಕಂಡೀಯೇನು?"

"ಕಂಡೀನಿ. ಮುಚ್ಚಿ ಹೊಲಿದೋಳೂ ನಾನೇ."

ಮುದುಕಿ ಮಗನ ಕಡೆ ತಿರುಗಿ, "ತಾಂಬೂಲ ವಾಪಸ್ ಕಳಿಸು," ಎಂದರು. ಅಷ್ಟೇ. ನನಗೆ ಕುಡಿಯಲು ಮಜ್ಜಿಗೆ ಕೊಟ್ಟರು.

ಆ ಹುಡುಗಿ ಉಳಿದಳು. ಆದರೆ ಆ ಮನೆಗೆ ಮರುವರ್ಷ ಸೊಸೆ ಬಂದೇ ಬಂದಳು. ಯಾವ ಊರಿನವಳೆಂದು ಮದುವೆ ಮುಗಿಯುವವರೆಗೆ ನನ್ನ ಕಿವಿಗೆ ಬೀಳದಂತೆ ನೋಡಿಕೊಂಡರು. ಅವಳ ರವಿಕೆಗಳನ್ನು ಶಿವಮೊಗ್ಗದಲ್ಲಿ ಹೊಲಿಸುತ್ತಿದ್ದರು.

ಒಂದು ಬೆಳಿಗ್ಗೆ ಸೇದುವ ಬಾವಿಯ ಬಳಿ ಅವಳು ಸಿಕ್ಕಳು. ಚಿಕ್ಕವಳು. ಜೊತೆಗಿದ್ದ ಕೆಲಸದ ಮುದುಕಿ ನನ್ನನ್ನು ನೋಡಿ, ತನಗೇನೂ ಕಾಣದವಳಂತೆ ಆಚೆ ತಿರುಗಿ ನಿಂತಳು. ನಾನು ಹತ್ತಿರ ಹೋಗಿ ಕೊಡ ಎತ್ತಿಕೊಡುವ ನೆವದಲ್ಲಿ ಮೆಲ್ಲಗೆ ಹೇಳಿದೆ.

"ನಮ್ಮನೆ ಪೇಟೆ ಬೀದಿ ಕೊನೆಗೈತೆ. ಹಿತ್ತಲ ಬಾಗಿಲಿಗೆ ಅಗಳಿ ಹಾಕಲ್ಲ."

ಅವಳು ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಗೊತ್ತೈತ್ರಿ," ಎಂದಳು.